ಪಕ್ಕದ ಮಂಚದ ಚಿಗವ್ವ

ಇಲ್ಲ, ನೀವು ಹಾಗೆ ತಲೆ ಆಡಿಸಬೇಡಿ. ಒಂದು ಹುಡುಗಿಯನ್ನು ಹಾಸ್ಟೆಲಿಗೆ ಸೇರಿಸುವುದರಲ್ಲಿ ಮಹಾ ಏನಿದೆ, ಟ್ರಂಕು ಇಟ್ಟು, ನಳದಲ್ಲಿ ನೀರು ಬರುತ್ತದೋ ಇಲ್ಲವೋ ನೋಡಿ, ಬಸ್ಸು ಹತ್ತಿ ವಾಪಸು ಬಂದರಾಯಿತು ಎನ್ನುತ್ತೀರಲ್ಲ, ನೀವು ಯಾರನ್ನಾದರೂ ಸೇರಿಸಿದ್ದೀರಾ? ಅದೂ ನನ್ನ ಮೊಮ್ಮಗಳು ಮಹೇಶ್ವರಿಯನ್ನು? ಇಲ್ಲವಲ್ಲ. ಮತ್ತೆ ಸುಮ್ಮನೆ ಕೂತು ಕೇಳಿ. ಎರೆಹೊಲದಲ್ಲಿ ಗಾಲಿ ಕಾಣದಷ್ಟು ಹೂತುಹೋಗಿದ್ದ ಬಂಡಿಯನ್ನು ನಾನೊಬ್ಬನೇ ಎಳೆದು ದಾರಿಗೆ ತಂದವನು. ಎತ್ತುಗಳು ಎಲ್ಲಿದ್ದವು ಎಂದು ಕೇಳುತ್ತೀರಾ? ಬಂಡಿಯಲ್ಲೇ ಕೂತಿದ್ದವು, ಪಾಪ, ದಣಿದಿದ್ದವು. ಅಂಥ ನನಗೇ ಈ ಹುಡುಗಿಯ ಒಂದು ಟ್ರಂಕನ್ನು ಗಜೇಂದ್ರಗಡದಲ್ಲಿ ಒಂದು ಕಡೆ ನೆಲೆ ನಿಲ್ಲಿಸುವಷ್ಟರಲ್ಲಿ ಸಾಕು ಸಾಕಾಗಿ ಹೋಯಿತು.

ನಮ್ಮದು ಬೆಳವಣಕಿ. ನಾನು ಗ್ಯಾನಪ್ಪ, ಹೆಂಡತಿ ಮರಿಯವ್ವ, ಮಗ ಲಕ್ಷ್ಮಪ್ಪ, ಸೊಸೆ ಕರಿಯವ್ವ. ಮನೆ ಎಂದರೆ ಒಂದು ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಷ್ಟೇ. ಮಹೇಶ್ವರಿ ಆ ಪಡಸಾಲೆಯಲ್ಲಿ ಒಂದು ಮಗ್ಗುಲಿಗೆ ಅಜ್ಜಿ, ಇನ್ನೊಂದು ಮಗ್ಗುಲಿಗೆ ತಾಯಿ, ನಡುವೆ ತಾನು, ಹೀಗೆ ಮಲಗಿ ಬೆಳೆದವಳು. ಪಕ್ಕದವರ ಸೆರಗಿನ ಚುಂಗು ಕೈಯಲ್ಲಿ ಇರದಿದ್ದರೆ ಆಕೆಗೆ ನಿದ್ದೆ ಇಲ್ಲ. ಒಮ್ಮೆ ಹೊಳೆಆಲೂರಿನಿಂದ ಒಬ್ಬ ಮುದುಕಿ ನೆಂಟರ ಮನೆಗೆಂದು ಬಂದವಳು ಈಕೆಯ ಪಕ್ಕದಲ್ಲಿ ಮಲಗಿದಳು. ಬೆಳಿಗ್ಗೆ ನೋಡಿದರೆ ಸೆರಗು ಈಕೆಯ ಮುಷ್ಟಿಯಲ್ಲಿ. ಎಬ್ಬಿಸಲು ಮನಸ್ಸು ಬಾರದೆ ಬಸ್ಸು ತಪ್ಪಿಸಿಕೊಂಡಳು. ಮರುದಿನವೂ ಅದೇ ಕತೆ. ಹೀಗೆ ಆ ಮುದುಕಿ ಶ್ರಾವಣ ಪೂರ್ತಿ ನಮ್ಮಲ್ಲೇ ಕಳೆದು ಹೋದಳು. ಸುಳ್ಳೆನ್ನುವುದಾದರೆ ಆಕೆಯನ್ನೇ ಕೇಳಿ. ಆಕೆ ತೀರಿಕೊಂಡಿದ್ದಾಳೆ, ಆದರೂ ಕೇಳಿ.

ಓದಿನಲ್ಲಿ ಮಾತ್ರ ಹುಡುಗಿ ಚುರುಕು. ರೋಣದಲ್ಲಿ ಪಿ.ಯು. ಓದುವಾಗ ಯಾವುದೋ ಬಿಳಿ ನೀರಿಗೆ ಒಂದು ಹನಿ ಏನೋ ಹಾಕಿದರೆ ಗುಲಾಬಿ ಬಣ್ಣಕ್ಕೆ ತಿರುಗಿತಂತೆ, ಅವತ್ತಿನಿಂದ ರಸಾಯನ ಶಾಸ್ತ್ರದ ಹುಚ್ಚು. ಬಿ.ಎಸ್ಸಿ. ಸೀಟು ಸಿಕ್ಕಿದ್ದು ಗಜೇಂದ್ರಗಡದಲ್ಲಿ. ಮೊದಲು ಬಸ್ಸಿನಲ್ಲಿ ಹೋಗಿ ಬಂದು ನೋಡಿದಳು. ಬೆಳವಣಕಿಯಿಂದ ರೋಣ, ರೋಣದಲ್ಲಿ ಇಳಿದು ಇನ್ನೊಂದು ಬಸ್ಸು. ಆ ಬಸ್ಸಿನ ನೂಕುನುಗ್ಗಲು ನಿಮಗೆ ಗೊತ್ತಿಲ್ಲ. ನಾನು ಒಮ್ಮೆ ಅದರಲ್ಲಿ ಒಂಟಿ ಕಾಲಲ್ಲಿ ನಿಂತಿದ್ದೆ. ಇಳಿದ ಮೇಲೆ ನೋಡಿಕೊಂಡರೆ ಆ ಕಾಲೂ ನನ್ನದಲ್ಲ. ಕಾಲೇಜಿನಲ್ಲಿ ಮೊದಲ ಪಾಠ ಮುಗಿಯುವ ಹೊತ್ತಿಗೆ ಈಕೆ ಇನ್ನೂ ದಾರಿಯಲ್ಲಿ ಇರುತ್ತಿದ್ದಳು. ಆಮೇಲೆ ಹಾಸ್ಟೆಲ್ ಎಂಬ ಮಾತು ಬಂತು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಜನ ಹಾಸ್ಟೆಲಿಗೆ ಹೋದರೆ ಏನು ಕೇಳುತ್ತಾರೆ? ಊಟ ಹೇಗೆ, ನೀರು ಹೇಗೆ, ಗೇಟು ಎಷ್ಟಕ್ಕೆ ಹಾಕುತ್ತಾರೆ. ಇದನ್ನೆಲ್ಲ ನಾನು ಕೇಳಿದೆ. ಮೊದಲನೆಯದು ಗುಡ್ಡದ ಬುಡದಲ್ಲಿದ್ದ ಒಂದು ಹಾಸ್ಟೆಲ್. ಅಲ್ಲಿಯ ವಾರ್ಡನ್ ಒಳ್ಳೆಯವಳೇ, ಎಲ್ಲದಕ್ಕೂ ಉತ್ತರ ಕೊಟ್ಟಳು. ಕಡೆಗೆ ಮಹೇಶ್ವರಿಯ ಕಡೆ ತಿರುಗಿ, "ನೀ ಏನರೆ ಕೇಳೂದು ಐತೇನವಾ?" ಎಂದಳು.

"ಪಕ್ಕದ ಮಂಚದಾಗ ಯಾರ ಮಲಗ್ತಾರ್ರಿ?" ಎಂದಳು ಮಹೇಶ್ವರಿ.

"ಯಾರೋ ಮಲಗ್ತಾರವಾ. ಹುಡುಗ್ಯಾರ ಮಲಗ್ತಾರ, ಮತ್ಯಾರ ಮಲಗ್ತಾರ?"

"ಅಕೀ ಹ್ಯಾಂಗ ಅದಾಳ್ರಿ?"

ವಾರ್ಡನ್ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಪಕ್ಕದ ಮಂಚದಲ್ಲಿ ಮಲಗುವವಳು ಹೇಗಿದ್ದಳೆಂದರೆ, ಕೊನೆಯ ವರ್ಷದ ಹುಡುಗಿ, ಯಾವುದೋ ದೊಡ್ಡ ಪರೀಕ್ಷೆಗೆ ಓದುತ್ತಿದ್ದಳು, ಮಂಚದ ಸುತ್ತ ಹಳೆ ಸೀರೆ ಕಟ್ಟಿಕೊಂಡು ಒಳಗೆ ಕೂತುಬಿಟ್ಟಿದ್ದಳು. ವಾರ ಕಳೆಯುವುದರೊಳಗೆ ನಮ್ಮವಳು ಟ್ರಂಕು ಹೊತ್ತು ಬೆಳವಣಕಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು.

"ಮಾತ ಆಡೂದಿಲ್ಲಜ್ಜಾ ಅಕೀ. ಸೀರಿ ಹಿಂದ ಲೈಟಿನ ಬೆಳಕಷ್ಟ ಕಾಣ್ತೈತಿ. ದೆವ್ವದ ಗುಡ್ಯಾಗ ಮಲಗಿದಂಗ ಆಗ್ತೈತಿ."

"ನೀ ಓದಾಕ ಹೋಗೀಯೋ, ಮಾತಾಡಾಕ ಹೋಗೀಯೋ?" ಎಂದೆ.

"ಎರಡಕ್ಕೂ," ಎಂದಳು. ಏನು ಹೇಳುತ್ತೀರಿ ಇದಕ್ಕೆ?

ಎರಡನೆಯದು ನನ್ನ ಮಗ ಲಕ್ಷ್ಮಪ್ಪ ಹುಡುಕಿದ್ದು. ನೇಕಾರರ ಓಣಿಯಲ್ಲಿ ಒಬ್ಬರ ಮನೆಯ ಮಾಳಿಗೆ. ಕೆಳಗೆ ಮಗ್ಗ, ಮೇಲೆ ಓದುವ ಹೆಣ್ಣುಮಕ್ಕಳಿಗೆ ಖೋಲಿಗಳು. ಮನೆಯ ಯಜಮಾನಿ ಬಾಗಿಲು ತೆರೆದು ಹೆಮ್ಮೆಯಿಂದ ತೋರಿಸಿದಳು. ಒಂದು ಕಿಟಕಿ, ಒಂದು ಮಂಚ, ಒಂದು ಮೇಜು. ನನಗಂತೂ ಅಲ್ಲೇ ಅಡ್ಡಾಗಿಬಿಡೋಣ ಅನ್ನಿಸಿತು. ಮಹೇಶ್ವರಿ ಟ್ರಂಕು ಕೆಳಗಿಡಲೇ ಇಲ್ಲ.

"ಪಕ್ಕದಾಗ ಯಾರ್ರಿ?"

"ಯಾರೂ ಇಲ್ಲವಾ! ನೀ ಒಬ್ಬಾಕೀನ. ಕದಾ ಹಾಕ್ಕೊಂಡು ಆರಾಮ ಇರು. ರಾಣಿ ಇದ್ದಂಗ."

ರಾಣಿ ಮೆಟ್ಟಿಲು ಇಳಿದುಬಿಟ್ಟಳು. ಹುಟ್ಟಿದಾಗಿನಿಂದ ಕದ ಹಾಕಿಕೊಂಡು ಮಲಗಿದವಳೇ ಅಲ್ಲ ಆಕೆ, ಕದ ಕಂಡರೆ ಹೆದರಿಕೆ. ಲಕ್ಷ್ಮಪ್ಪನ ಮುಖ ಕೆಂಪಗಾಯಿತು. ಅವನು ಸಾಧು ಮನುಷ್ಯ, ಆದರೆ ಕೂಲಿ ಬಿಟ್ಟು ಓಣಿ ಓಣಿ ತಿರುಗಿ ಖೋಲಿ ಹುಡುಕಿದವನು. ಪ್ರತಿ ವರ್ಷ ಹೆಸರುಕಾಯಿ ಬಿಡಿಸುವ ಕೆಲಸ ಮುಗಿದ ಮೇಲೆ ಅವನೂ ಕರಿಯವ್ವನೂ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅವನು ಒಂದೇ ಮಾತು ಹೇಳಿದ.

"ನೋಡವಾ, ಇನ್ನೊಂದು ಹಾಸ್ಟೆಲ್ ನೋಡ್ತೀನಿ. ಅದ ಕಡೀಗಿಂದು. ಅಲ್ಲಿಂದನೂ ಟ್ರಂಕ್ ಹೊತಗೊಂಡು ಬಂದಿ ಅಂದ್ರ, ಕಾಲೇಜು ಸಾಕು. ನಮ್ಮ ಜೋಡಿ ಗೋವಾಕ ಬಾ. ಅಲ್ಲೆ ಶೆಡ್ಡಿನ್ಯಾಗ ಒಬ್ಬರ ಮಗ್ಗಲಕ ಒಬ್ಬರು ಮಲಗಿರ್ತಾರ, ಯಾರ ಸೆರಗರೆ ಹಿಡಕೋ."

ಹುಡುಗಿ ಟ್ರಂಕಿನ ಚಿಲಕ ತಿರುವುತ್ತ ಕೂತಳು. ಗೋವಾಕ್ಕೆ ಹೋದ ಹುಡುಗಿ ಮತ್ತೆ ಗುಲಾಬಿ ನೀರು ನೋಡುವುದುಂಟೇ?

ಹೀಗಾಗಿ ಮೂರನೆಯ ಹಾಸ್ಟೆಲಿಗೆ ನಾನೇ ಹೊರಟೆ. ನಾನು ಮಾಡಿದ ತಪ್ಪಲ್ಲ, ದೇವರು ಮಾಡಿಸಿದ್ದು: ಮರಿಯವ್ವನೂ ಬರುತ್ತೇನೆಂದಳು. ಬೇಡ ಎಂದರೆ ಕೇಳುವ ಪೈಕಿ ಅಲ್ಲ. ಒಂದು ಗಂಟು ಒಣಗಿಸಿದ ಕಟಿರೊಟ್ಟಿ, ಶೇಂಗಾ ಚಟ್ನಿ, ಟ್ರಂಕು, ಹಾಸಿಗೆ ಸುರುಳಿ, ಮೇಲೆ ಮರಿಯವ್ವ. ಇಷ್ಟನ್ನು ಬಸ್ಸಿನಿಂದ ಇಳಿಸಿದಾಗ ಗಜೇಂದ್ರಗಡದ ಗಾಳಿ ನನ್ನ ರುಮಾಲು ಹಾರಿಸಿಕೊಂಡು ಹೋಯಿತು. ಆ ಗುಡ್ಡದ ಮೇಲೆ ದೊಡ್ಡ ದೊಡ್ಡ ಗಾಳಿಗಿರಣಿ ತಿರುಗುತ್ತವಲ್ಲ, ಅವಕ್ಕೆ ಗಾಳಿ ಸಾಲದೆ ಬಂದು ನನ್ನ ರುಮಾಲನ್ನು ಇಸಿದುಕೊಂಡವೋ ಏನೋ. ಅದೇ ರುಮಾಲು ನಾನು ವಾಪಸು ಬರುವಾಗ ರೋಣ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರನ ಹೆಗಲ ಮೇಲಿತ್ತು. ಬೇಡ, ನಂಬಬೇಡಿ.

ಹಾಸ್ಟೆಲಿನ ಖೋಲಿಯಲ್ಲಿ ಮೂರು ಮಂಚ. ಒಂದರ ಮೇಲೆ ಹೊಳೆಆಲೂರಿನ ಹುಡುಗಿ ಸಾನಿಯಾ, ಬಳೆ ವ್ಯಾಪಾರದವರ ಮಗಳು, ಗೋಡೆಗೆ ಬೆನ್ನು ಕೊಟ್ಟು ಚುರುಮುರಿ ತಿನ್ನುತ್ತಿದ್ದಳು. ಇನ್ನೊಂದರ ಮೇಲೆ ನರಗುಂದದ ಹುಡುಗಿ ಉಮಾ ನಿಂತುಕೊಂಡು ಸ್ಟೀಲಿನ ತಂಬಿಗೆಯಿಂದ ಗೋಡೆಗೆ ಮೊಳೆ ಬಡಿಯುತ್ತಿದ್ದಳು. ಮೊಳೆ ಸೊಟ್ಟಾಗಿತ್ತು, ತಂಬಿಗೆಯೂ ಸೊಟ್ಟಾಗಿತ್ತು. ಇಬ್ಬರೂ ನಮ್ಮವಳ ಹಾಗೆ ಮೊದಲ ವರ್ಷದವರು. ಮಹೇಶ್ವರಿ ಬಾಗಿಲಲ್ಲೇ ನಿಂತು ನಕ್ಕುಬಿಟ್ಟಳು.

"ನಗಬ್ಯಾಡಲೇ, ಬಂದು ಮೊಳಿ ಹಿಡಿ," ಎಂದಳು ಉಮಾ, ಪರಿಚಯ ಇಲ್ಲ, ಪತ್ತೆ ಇಲ್ಲ.

ಮಹೇಶ್ವರಿ ಮಂಚ ಹತ್ತಿ ಮೊಳೆ ಹಿಡಿದಳು. ಉಮಾ ಬೆರಳಿಗೆ ಬಡಿದಳು. ಇಬ್ಬರೂ ಕೂಗಿದರು, ಇಬ್ಬರೂ ನಕ್ಕರು. ನಾನು ಹಾಸಿಗೆ ಸುರುಳಿ ಇಳಿಸುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿತ್ತು.

"ಇಲ್ಲೆ ನನ್ನ ಮಗ್ಗಲ ಮಂಚ ತಗೋ. ನಾ ನಿದ್ದ್ಯಾಗ ಮಾತಾಡ್ತೀನಿ, ನೀ ಹೂಂ ಅಂದ್ರ ಸಾಕು."

"ನಾ ಸೆರಗ ಹಿಡಕೊಂಡ ಮಲಗ್ತೀನಿ."

"ಸೆರಗ ಎಲ್ಲಿಂದ ತರ್ಲಿ? ನನ್ನ ಚಾದರಿನ ತುದಿ ಹಿಡಕೋ. ಜಗ್ಗಬ್ಯಾಡ ಅಷ್ಟ."

"ಏ, ಮಂಚ ಸರಿಸ್ರಲೇ ಹಂಗಾರ, ನಡುವ ಸಂದಿ ಐತಿ," ಎಂದಳು ಸಾನಿಯಾ ಚುರುಮುರಿ ಬಾಯಿಯಲ್ಲೇ.

ಮಂಚ ಸರಿಸಿದರು. ನನ್ನ ಎದೆ ಹಗುರಾಯಿತು. ಮರಿಯವ್ವನಿಗೆ ಕಣ್ಣಲ್ಲೇ ಸನ್ನೆ ಮಾಡಿದೆ: ಏಳು, ಈಗಲೇ ಏಳು, ಬಸ್ಸು ಐತಿ. ಆಕೆ ಎದ್ದಳೇ? ಇಲ್ಲ. ಮಂಚದ ಮೇಲೆ ಕಾಲು ಮಡಿಚಿ ಕೂತಳು. ಸೆರಗು ಸರಿಮಾಡಿಕೊಂಡಳು. ನನಗೆ ಗೊತ್ತಾಯಿತು, ಮುಗಿಯಿತು ಕತೆ.

"ಅಲ್ಲ ಯವ್ವಾ, ನೀ ಯಾರ ಪೈಕಿ?"

ಇದು ಮರಿಯವ್ವನ ರೋಗ. ಯಾರೇ ಸಿಗಲಿ, ಯಾರ ಮಗಳು, ಯಾರ ಮೊಮ್ಮಗಳು, ಯಾವ ಮನೆಯ ಹೆಣ್ಣು ಯಾವ ಮನೆಗೆ ಹೋಗಿದೆ ಎಂದು ಕೇಳುತ್ತ ಕೇಳುತ್ತ ಎಲ್ಲೋ ಒಂದು ಕಡೆ ಗಂಟು ಹಾಕದೆ ಬಿಡುವವಳಲ್ಲ. ನಮ್ಮ ಕಡೆ ಎಲ್ಲರೂ ಕೇಳುತ್ತಾರೆ, ನಿಜ. ಆದರೆ ಮಲಪ್ರಭೆ ಉಕ್ಕಿ ಹೊಳೆಆಲೂರಿಗೆ ನೀರು ಬಂದ ವರ್ಷ ನಾವು ಅಲ್ಲಿಯ ಬೀಗರ ಮನೆಯ ಮಾಳಿಗೆಯ ಮೇಲೆ ಸಿಕ್ಕಿಕೊಂಡಿದ್ದೆವು. ಕರೆದೊಯ್ಯಲು ದೋಣಿ ಬಂತು. ನೀರು ಪಾದಕ್ಕೆ ಮುಟ್ಟುತ್ತಿದೆ, ಈಕೆ ದೋಣಿಯವನಿಗೆ, "ನೀ ಯಾರ ಪೈಕಿಯಪಾ?" ಎಂದು ಕೇಳುತ್ತ ನಿಂತಿದ್ದಾಳೆ. ಗುರುತು ಹತ್ತುವವರೆಗೆ ದೋಣಿ ಹತ್ತಲಿಲ್ಲ. ಕಡೆಗೆ ಅವನು ಈಕೆಯ ದೊಡ್ಡಮ್ಮನ ಅಳಿಯನೇ ಆದ. ದೋಣಿಯನ್ನು ಮುಳುಗಿದ ಬೇವಿನ ಮರದ ತುದಿಗೆ ಕಟ್ಟಿ, ಅಲ್ಲೇ ಚಾ ಕುಡಿದು, ಕುಂಕುಮ ಹಚ್ಚಿಸಿಕೊಂಡು ಆಮೇಲೆ ದಡಕ್ಕೆ ಹೋದೆವು. ಚಾ ಎಲ್ಲಿಂದ ಬಂತು ಎಂಬುದನ್ನು ನೀವು ಕೇಳಬಾರದು.

ಉಮಾ ಪಾಪ ಉತ್ತರ ಕೊಟ್ಟಳು. "ಪರಶು ಅಂತ್ರಿ ನಮ್ಮಪ್ಪ."

"ಯಾವ ಪರಶು? ಮೂಲ ಊರು ನರಗುಂದನ?"

"ಅಲ್ರಿ. ಮೊದಲ ಕೊಣ್ಣೂರು. ನಮ್ಮಪ್ಪ ಸಣ್ಣಾಂವ ಇದ್ದಾಗ ಕೆಲಸಕ್ಕಂತ ರತ್ನಾಗಿರಿಗೆ ಹೋಗಿದ್ರಂತ. ಆಮ್ಯಾಲ ಬಂದು ನರಗುಂದದಾಗ ಮನಿ ಮಾಡ್ಯಾರ."

ಮರಿಯವ್ವನ ತವರು ಕೊಣ್ಣೂರು. ಆಕೆಯ ಕಣ್ಣು ಬೆಳಗಿದ ರೀತಿ ನೋಡಬೇಕಿತ್ತು ನೀವು. ಉಮಾನ ಅಜ್ಜ ಯಾರು, ಅಜ್ಜಿ ಯಾರು, ಮನೆ ಯಾವ ಓಣಿ ಎಂದು ಕೇಳಿ, ಕಡೆಗೆ ಎರಡೂ ಕೈ ಚಾಚಿ ಹುಡುಗಿಯ ದೃಷ್ಟಿ ತೆಗೆದಳು.

"ಯವ್ವಾ, ನಮ್ಮ ಕಾಕಾನ ಕಡೀ ಮಗ ಅವ! ನನಗ ತಮ್ಮ ಆಗಬೇಕು! ರತ್ನಾಗಿರಿಗೆ ಹೋದಂವ ಎಲ್ಲಿ ಅದಾನಂತ ಗೊತ್ತ ಇರಲಿಲ್ಲ ನನ್ನವ್ವಾ! ನೋಡ್ರಿ, ನೋಡ್ರಿ, ನನ್ನ ತಮ್ಮನ ಮಗಳು!"

"ಆತು, ಬಸ್ಸಿಗೆ ಹೊತ್ತಾತು," ಎಂದೆ.

"ಸುಮ್ಮನಿರ್ರಿ ನೀವು. ಲಕ್ಷ್ಮಪ್ಪಗ ಸ್ವಾದರಮಾವನ ಮಗಳಾತು. ಅಂದ ಮ್ಯಾಲ ಈ ಮಹೇಶ್ವರಿಗೆ ಏನಾತು? ಚಿಗವ್ವ, ಅವ್ವನ ತಂಗಿ ಇದ್ದಂಗ! ಏ, ಏನ ಮಂಚದ ಮ್ಯಾಲ ನಿಂತೀ? ಇಳಿದು ಚಿಗವ್ವನ ಕಾಲಿಗೆ ಬೀಳು."

ಇಬ್ಬರು ಹುಡುಗಿಯರೂ ಸೊಟ್ಟ ಮೊಳೆಯ ಹಾಗೆ ನಿಂತರು. ಸಾನಿಯಾ ಚುರುಮುರಿ ಅಗಿಯುವುದನ್ನು ನಿಲ್ಲಿಸಿದಳು.

"ಆಯಿ, ಅಕೀ ನನ್ನ ವಾರಗಿಯಾಕಿ," ಎಂದಳು ಮಹೇಶ್ವರಿ.

"ವಾರಗಿ ಆದ್ರೇನು? ವಯಸ್ಸಿಗೆ ಕಾಲ ಬೀಳ್ತಾರೇನ, ಸಂಬಂಧಕ್ಕ ಬೀಳ್ತಾರ. ಇನ್ನ ಮ್ಯಾಲ ಹೆಸರ ಹಿಡದು ಕರದ್ರ ನಾಲಿಗಿಗೆ ಬರೀ ಹಾಕ್ತೀನಿ. ಚಿಗವ್ವಾರ ಅನ್ನಬೇಕು."

ಕಾಲಿಗೆ ಬಿದ್ದಳು. ಮರಿಯವ್ವ ಅಷ್ಟಕ್ಕೇ ಬಿಟ್ಟಳೇ? ಮೊಮ್ಮಗಳ ಕೈ ತೆಗೆದು ಉಮಾನ ಕೈಯಲ್ಲಿಟ್ಟು, ಕಣ್ಣೀರು ತಂದುಕೊಂಡು, "ಇಕೀನ ನಿನ್ನ ಉಡಿಯಾಗ ಹಾಕೀನವಾ. ಇಕೀ ಓದು, ಬರಹ, ಊಟ, ನಡತಿ, ಎಲ್ಲಾ ಇನ್ನ ಮ್ಯಾಲ ನಿನ್ನ ಜವಾಬ್ದಾರಿ. ದಿನಾ ಸಂಜೀಕ ನನಗ ಫೋನ್ ಮಾಡಿ ಹೇಳು," ಎಂದಳು.

ತಂಬಿಗೆಯಿಂದ ಮೊಳೆ ಬಡಿಯುತ್ತಿದ್ದ ಹುಡುಗಿ ಮೆಲ್ಲಗೆ ಮಂಚದಿಂದ ಇಳಿದು, ಓಢಣಿ ತಲೆಯ ಮೇಲೆ ಹೊದ್ದು, "ಹೂನ್ರಿ ಅತ್ತಿ," ಎಂದಳು. ಉಡಿಯಲ್ಲಿ ಹಾಕಿದ್ದನ್ನು ಬೇಡ ಎನ್ನಲು ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಬಾಯಿ ಬರುವುದಿಲ್ಲ. ನಗು ಅಲ್ಲಿಗೆ ನಿಂತಿತು. ದಾರಿಯುದ್ದಕ್ಕೂ ಮರಿಯವ್ವ ಬಸ್ಸಿನಲ್ಲಿ ಹಿಗ್ಗಿದಳು. "ನೋಡ್ರಿ, ನಮ್ಮವರ ಸಿಕ್ಕರು. ಇನ್ನ ಚಿಂತಿ ಇಲ್ಲ." ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಮೂರು ಹಾಸ್ಟೆಲ್ ತಿರುಗಿ ಆ ಹುಡುಗಿ ಒಬ್ಬ ಗೆಳತಿಯನ್ನು ಹುಡುಕಿಕೊಂಡಿದ್ದಳು. ಈಕೆ ಒಂದು ಚಾ ಕುಡಿಯುವಷ್ಟರಲ್ಲಿ ಆ ಗೆಳತಿಯನ್ನು ತೆಗೆದು ಅಲ್ಲಿ ಒಬ್ಬ ಹಿರಿಯಳನ್ನು ಕೂರಿಸಿ ಬಂದಿದ್ದಳು.

ಮುಂದಿನದು ನಿಮಗೇ ಗೊತ್ತಾಗುತ್ತದೆ. ಸಂಜೆಯಾದರೆ ಉಮಾ ಮರಿಯವ್ವನಿಗೆ ಫೋನು. "ಅತ್ತಿ, ಇವತ್ತ ಮಧ್ಯಾಹ್ನ ಒಂದ ರೊಟ್ಟಿ ಉಂಡಾಳ್ರಿ. ಅತ್ತಿ, ತಲಿಗೆ ಎಣ್ಣಿ ಹಚ್ಕೊಳ್ಳಂದ್ರ ಒಲ್ಲೆ ಅಂದ್ಲ್ರಿ." ಮರಿಯವ್ವನಿಗೆ ಪರಮ ಸುಖ. ಅದು ಮುಗಿದ ಮೇಲೆ ನನಗೆ ಮಹೇಶ್ವರಿಯ ಫೋನು, ಬಚ್ಚಲ ಮನೆಯಿಂದ, ಪಿಸುಮಾತಿನಲ್ಲಿ.

"ಅಜ್ಜಾ, ಅಕೀ ನಿಂತ್ರ ನಾ ಕುಂದ್ರಂಗಿಲ್ಲ. ಅಕೀ ಉಣ್ಣೂತನಕಾ ನಾ ಉಣ್ಣಂಗಿಲ್ಲ. ಕ್ಲಾಸಿನ್ಯಾಗ 'ಚಿಗವ್ವಾರ, ಸರೀರಿ' ಅಂದ್ನಿ, ಇಡೀ ಕ್ಲಾಸ್ ನಕ್ಕಿತು. ಈಗ ಲೆಕ್ಚರರೂ ಹಾಜರಿ ಕರಿಯುವಾಗ ಚಿಗವ್ವ ಬಂದಾರೇನು ಅಂತ ಕೇಳ್ತಾರ."

"ಮಂಚ?"

"ಮಂಚ ದೂರ ಸರಿಸಿಬಿಟ್ಟಾಳ. ಹಿರ್ಯಾರ ಚಾದರ ಹ್ಯಾಂಗ ಹಿಡಕೊಳ್ಳೂದು? ಅಕೀ ನಿದ್ದ್ಯಾಗ ಮಾತಾಡಿದ್ರೂ ಈಗ 'ಓದಿದ್ಯಾ?' ಅಂತ ಕೇಳ್ತಾಳ."

"ಸ್ವಲ್ಪ ತಡಕೋ ಯವ್ವಾ. ನಿಮ್ಮಪ್ಪ ಹೇಳಿದ್ದು ನೆನಪೈತಿಲ್ಲ?"

ತಡೆದುಕೊಂಡಳು, ಹೆಸರುಕಾಯಿ ಒಣಗುವವರೆಗೆ. ಹೊಲದಲ್ಲಿ ಕಾಯಿ ಬಿಡಿಸುವ ಕೆಲಸ ಶುರುವಾಗಿತ್ತು. ಅದು ಮುಗಿದರೆ ಗೋವಾ. ಒಂದು ದಿನ ಬೆಳಿಗ್ಗೆ ಫೋನು ಬಂತು. ಈ ಸಲ ಪಿಸುಮಾತು ಇಲ್ಲ.

"ಅಜ್ಜಾ, ಟ್ರಂಕ್ ತುಂಬೀನಿ. ಬಂದು ಕರಕೊಂಡ ಹೋಗು. ನಾ ಗೋವಾಕ ಹೋಗ್ತೀನಿ."

ಹೇಳಿ, ನನಗೆ ಸಿಟ್ಟು ಬರಬಾರದೇ? ಯಾರ ಮೇಲೆ ಬರಬೇಕು ಎಂಬುದಷ್ಟೇ ತಿಳಿಯಲಿಲ್ಲ. ಲಕ್ಷ್ಮಪ್ಪನಿಗೆ ಹೇಳಲಿಲ್ಲ, ಅವನೂ ಕರಿಯವ್ವನೂ ಹೊಲದಲ್ಲಿದ್ದರು. ಮರಿಯವ್ವನಿಗೆ ದವಾಖಾನೆಗೆ ಹೋಗಿ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ಸುಳ್ಳೇನಲ್ಲ, ತಲೆ ಸಿಡಿಯುತ್ತಿತ್ತು.

ಖೋಲಿಗೆ ಹೋದರೆ ಟ್ರಂಕು ಬಾಗಿಲ ಬಳಿ ಇತ್ತು. ಅದರ ಮೇಲೆ ಉಮಾ ಕೂತಿದ್ದಳು, ತಲೆ ತುಂಬ ಓಢಣಿ. ಮಹೇಶ್ವರಿ ಎದುರಿಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಸಾನಿಯಾ ತನ್ನ ಮಂಚದ ಮೇಲೆ ತಲೆ ಹಿಡಿದು ಕೂತಿದ್ದಳು.

"ಅಜ್ಜಾರ, ಬಂದ್ರ್ಯಾ? ಚಲೋ ಆತು," ಎಂದಳು ಸಾನಿಯಾ. "ಒಂದ ಖೋಲ್ಯಾಗ ಅತ್ತಿ ಸೊಸೀನ್ನ ಇಟ್ಟು ಹೋಗೀರಿ. ನಡುವ ನಾ ಯಾರ್ರಿ? ಇಬ್ಬರೂ ನನ್ನ ಮ್ಯಾಲ ಮಾತ ಹಾಕಿ ಜಗಳಾಡ್ತಾರ. 'ಸಾನಿಯಾ, ಅಕೀಗೆ ಹೇಳು, ಎಣ್ಣಿ ಹಚ್ಕೋ ಅಂತ.' 'ಸಾನಿಯಾ, ಅವರಿಗೆ ಹೇಳು, ಹಚ್ಕೊಳ್ಳೂದಿಲ್ಲಂತ.' ನಾ ಪೋಸ್ಟ್‌ಮನ್ ಏನ್ರಿ?"

ಉಮಾ ಎದ್ದು ನನ್ನ ಕಾಲು ಮುಟ್ಟಿ, ಮತ್ತೆ ಟ್ರಂಕಿನ ಮೇಲೆ ಕೂತಳು. "ಮಾವಾರ, ನಾ ಕಳಸೂದಿಲ್ರಿ. ನನ್ನ ಉಡಿಯಾಗ ಹಾಕ್ಯಾರ. ಇಕೀ ಕಾಲೇಜ್ ಬಿಟ್ಟು ಹೋದ್ಲಂದ್ರ ನಾಳೆ ಅತ್ತಿ ನನಗ ಕೇಳ್ತಾರ, ಚಿಗವ್ವ ಇದ್ದೂ ಏನ ಮಾಡಿದಿ ಅಂತ."

"ಅದನ್ನ ನಾನೂ ಕೇಳ್ತೀನಿ," ಎಂದಳು ಮಹೇಶ್ವರಿ. "ಏನ ಮಾಡಿದ್ರಿ? ಚಾಡಿ ಹೇಳಿದ್ರಿ. ಮಂಚ ಸರಿಸಿದ್ರಿ."

ಉಮಾ ಓಢಣಿ ಕಿತ್ತು ಮಂಚದ ಮೇಲೆ ಎಸೆದಳು. "ನನಗೇನ ಚಂದ ಐತೇನ ಇದು? ನಮ್ಮ ಮನ್ಯಾಗ ನಾ ಎಲ್ಲಾರಕಿಂತ ಸಣ್ಣಾಕಿ. ಯಾರ ಮ್ಯಾಲೂ ದೊಡ್ಡಾಕಿ ಆಗಿ ಗೊತ್ತಿಲ್ಲ ನನಗ. ಗೆಳತಿ ಸಿಕ್ಳಂತ ನಕ್ಕೊಂತ ನಿಂತಿದ್ನಿ, ನಿಮ್ಮಾಯಿ ಬಂದು ಒಂದ ಮಗಳನ್ನ ಕೊಟ್ಟು ಹೋದ್ರು! ನಿನ್ನಂಥ ಮಗಳು ಯಾರಿಗೆ ಬೇಕು?"

ಮಹೇಶ್ವರಿ ಉಮಾನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಬಂದು, ಟ್ರಂಕಿನ ಇನ್ನೊಂದು ತುದಿಯ ಮೇಲೆ ಕೂತಳು. ಚಿಗವ್ವನ ಸಮಕ್ಕೆ ಕೂತದ್ದು ಅದೇ ಮೊದಲು. ಸೆರಗು ಇರಲಿಲ್ಲ, ಆದರೂ ಥೇಟ್ ಮರಿಯವ್ವನ ಹಾಗೆ ಕೈಯಲ್ಲಿ ಏನೋ ಸರಿಮಾಡಿಕೊಂಡು ಕೇಳಿದಳು.

"ನಿಮ್ಮವ್ವ ಯಾರ ಪೈಕಿ?"

"ಅಂದ್ರ?"

"ನಮ್ಮಾಯಿ ನಿಮ್ಮಪ್ಪನ ಕಡಿ ಅಷ್ಟ ಕೇಳ್ಯಾಳ. ತನ್ನ ತವರುಮನಿ ಸಿಕ್ಕಿತಂತ ಅಲ್ಲೇ ಬಿಟ್ಟಾಳ. ನಿಮ್ಮವ್ವನ ಕಡಿ ಯಾರೂ ಕೇಳಿಲ್ಲ. ಯಾವ ಊರು ನಿಮ್ಮವ್ವಂದು?"

"ಇಟಗಿ."

ನಾನು ಎದ್ದು ನಿಂತು ಬಿಟ್ಟೆ. ನನ್ನ ಸೊಸೆ ಕರಿಯವ್ವನೂ ಇಟಗಿಯವಳು. ಭೀಮಾಂಬಿಕೆಯ ಗುಡಿಯ ಹಿಂದಿನ ಓಣಿ.

"ಹೆಸರು?" ಎಂದಳು ಮಹೇಶ್ವರಿ.

"ಕಳಕವ್ವ."

ಮಹೇಶ್ವರಿ ಆಗಲೇ ತಾಯಿಗೆ ಫೋನು ಹಚ್ಚಿದ್ದಳು. ಕರಿಯವ್ವ ಕಾಯಿ ಬಿಡಿಸುತ್ತಿದ್ದ ಹೊಲದಿಂದಲೇ ಕೂಗಿದಳು. ಫೋನಿನಲ್ಲಿ ಮಾತಾಡಿದರೂ ಗಜೇಂದ್ರಗಡಕ್ಕೆ ನೇರವಾಗಿ ಕೇಳಿಸಬೇಕೆಂದು ಕೂಗುವ ಹೆಣ್ಣು ಅದು.

"ಯವ್ವಾ, ಇಟಗಿ ಕಳಕವ್ವ ಅಂದ್ರ ಯಾರು? ನರಗುಂದಕ್ಕ ಕೊಟ್ಟಾರ, ಪರಶು ಅನ್ನಾವಗ."

"ಕಳಕಿ? ಅಯ್ಯ, ನಮ್ಮ ಕಳಕೀನ! ನಮ್ಮ ದೊಡ್ಡಪ್ಪನ ಮಗಳ ಮಗಳು. ನನಗ ಚಿಗವ್ವ, ಚಿಗವ್ವ ಅಂತ ಸೆರಗ ಹಿಡಕೊಂಡು ತಿರಗ್ತಿತ್ತು. ಅಕೀ ಗಂಡ ಈ ಪರಶು ಅಂತ ನನಗೇನ ಗೊತ್ತು? ಯಾಕ? ಅಕೀಗೇನಾತು?"

"ಏನೂ ಆಗಿಲ್ಲ. ನೀ ಅಕೀಗೆ ಚಿಗವ್ವ ಅಂದ್ರ, ನಾ ಅಕೀಗೆ ಏನು?"

"ತಂಗಿ. ಮತ್ತೇನು?"

"ಅಕೀ ಮಗಳಿಗೆ?"

ಆ ಕಡೆ ಕರಿಯವ್ವ ಲೆಕ್ಕ ಹಾಕುವುದು ಕೇಳಿಸಿತು. "ಅವ್ವನ ತಂಗಿ ಅಂದ ಮ್ಯಾಲ ಚಿಗವ್ವ. ನೀ ಅಕೀಗೆ ಚಿಗವ್ವ ಆಗ್ತೀ."

ಮಹೇಶ್ವರಿ ಫೋನು ಇಟ್ಟಳು. ಮೆಲ್ಲಗೆ ಪಾದ ಎರಡೂ ಮುಂದೆ ಚಾಚಿದಳು.

"ಬೀಳು," ಎಂದಳು.

"ಏನು?"

"ಕಾಲಿಗೆ ಬೀಳು. ನಾ ನಿನ್ನ ಚಿಗವ್ವ. ತಲಿಗೆ ಎಣ್ಣಿ ಹಚ್ಕೊಂಡೀ ಏನು? ಓದಿದ್ಯಾ?"

ಸಾನಿಯಾ ಮೊದಲು ನಕ್ಕಳು, ಮಂಚದಿಂದ ಬೀಳುವ ಹಾಗೆ ನಕ್ಕಳು. ಆಮೇಲೆ ಟ್ರಂಕಿನ ಮೇಲಿದ್ದ ಇಬ್ಬರೂ. ಉಮಾ ನಕ್ಕು ನಕ್ಕು ಅತ್ತುಬಿಟ್ಟಳು. "ಚಿಗವ್ವಾರ, ನೀವ ಬೀಳ್ರಿ." "ಇಲ್ರಿ ಚಿಗವ್ವಾರ, ನೀವ ಮೊದಲ." ಒಬ್ಬರ ಕಾಲಿಗೆ ಒಬ್ಬರು ಒಟ್ಟಿಗೆ ಬೀಳಲು ಹೋಗಿ ಹಣೆಗೆ ಹಣೆ ಬಡಿಸಿಕೊಂಡರು. ಆ ಸದ್ದು ಕೇಳಿ ಗುಡ್ಡದ ಮೇಲಿನ ಗಾಳಿಗಿರಣಿಗಳು ಒಂದು ಕ್ಷಣ ನಿಂತವಂತೆ. ಇದನ್ನು ಬೇಕಾದರೆ ಬಿಡಿ.

ನಮ್ಮ ಕಡೆ ಇದು ಹೊಸದೇನಲ್ಲ ಸ್ವಾಮಿ. ಕೊಟ್ಟು ತಂದು, ಕೊಟ್ಟು ತಂದು ಮಾಡುವ ಜನ ನಾವು. ಈ ಕಡೆಯಿಂದ ಹಿಡಿದರೆ ಅಳಿಯ, ಆ ಕಡೆಯಿಂದ ಹಿಡಿದರೆ ತಮ್ಮ. ಅನುಕೂಲ ಆಗುವ ಕಡೆಯಿಂದ ಹಿಡಿಯುವುದು ಪದ್ಧತಿ. ಮರಿಯವ್ವ ಒಂದು ಕಡೆಯಿಂದ ಹಿಡಿದು ಗಂಟು ಹಾಕಿ, ಇನ್ನೊಂದು ತುದಿಯನ್ನು ನೋಡದೆ ಎದ್ದು ಬಂದಿದ್ದಳು, ಅಷ್ಟೇ. ಇಬ್ಬರೂ ಹಿರಿಯರಾದ ಮೇಲೆ ಹಿರಿಯರು ಯಾರೂ ಉಳಿಯಲಿಲ್ಲ. ನಾನು ಟ್ರಂಕಿನ ಕಡೆ ಕೈ ಮಾಡಿ, "ಮತ್ತ, ಇದನ್ನ ಹೊರೂದೋ, ಬ್ಯಾಡೋ?" ಎಂದೆ.

"ಅದರಾಗಿಂದು ತಗದು ಇಟ್ಟ ಹೋಗಜ್ಜಾ," ಎಂದಳು ಮೊಮ್ಮಗಳು. ನಾನು ಆಳೇ? ಇಟ್ಟೆ. ಮಂಚವನ್ನೂ ನಾನೇ ಮತ್ತೆ ಹತ್ತಿರ ಸರಿಸಬೇಕಾಯಿತು.

ಮನೆಗೆ ಬಂದ ಮೇಲೆ ನಡೆದದ್ದು ಹೇಳಿದರೆ ನೀವೂ ನನ್ನ ಹಾಗೆ ಗೋಡೆ ನೋಡುತ್ತೀರಿ. ಹುಡುಗಿಯರು ರಾಜಿಯಾದರು, ಜಗಳ ನಮ್ಮ ಅಡುಗೆಮನೆಗೆ ಬಂತು. ತಂದೆಯ ಕಡೆಯ ಸಂಬಂಧವೇ ದೊಡ್ಡದು ಎಂದು ಮರಿಯವ್ವ. ತಾಯಿ ಹೆತ್ತದ್ದು ಸುಳ್ಳೇನು ಎಂದು ಕರಿಯವ್ವ. ಅತ್ತೆ ಸೊಸೆ ಇಬ್ಬರೂ ರೊಟ್ಟಿ ಬಡಿಯುತ್ತ ಬಡಿಯುತ್ತ ಇದನ್ನೇ ವಾದಿಸುತ್ತಾರೆ. ರೊಟ್ಟಿ ಎಷ್ಟು ತೆಳ್ಳಗಾಗಿವೆ ಎಂದರೆ ಅದರ ಮೂಲಕ ಪತ್ರಿಕೆ ಓದಬಹುದು. ಸಂಜೆಯ ಫೋನು ಈಗ ಬರುವುದಿಲ್ಲ ಎಂದು ಮರಿಯವ್ವನಿಗೆ ಇನ್ನೊಂದು ಸಿಟ್ಟು. ಬಂದರೂ ಮೂರು ಹುಡುಗಿಯರು ಒಟ್ಟಿಗೆ ನಗುವುದೇ ಕೇಳಿಸುತ್ತದೆ, ಒಂದು ಅಕ್ಷರ ತಿಳಿಯುವುದಿಲ್ಲ.

ಈಗ ಚೌತಿಯ ಸೂಟಿಗೆ ಮೂವರೂ ಇಲ್ಲೇ ಬಂದಿದ್ದಾರೆ. ಕೇಳಿಸುತ್ತಿದೆಯಲ್ಲ ಒಳಗಿನ ಗದ್ದಲ? ಪಡಸಾಲೆಯಲ್ಲಿ ಸಾಲಾಗಿ ಹಾಸಿಕೊಂಡಿದ್ದಾರೆ, ನನ್ನನ್ನು ಕಟ್ಟೆಗೆ ತಳ್ಳಿದ್ದಾರೆ. ಸಾನಿಯಾ ನಿನ್ನೆ ಕಡಬು ತಿಂದ ಲೆಕ್ಕ ಹೇಳಿದರೆ ನೀವು ಮತ್ತೆ ನನ್ನನ್ನು ಸುಳ್ಳ ಎನ್ನುತ್ತೀರಿ, ಅದಕ್ಕೆ ಹೇಳುವುದಿಲ್ಲ. ಹೆಸರುಕಾಯಿಯ ಕೆಲಸ ಮುಗಿಯಿತು. ಬಾಗಿಲ ಬಳಿ ಗೋವಾದ ಚೀಲ ಕಟ್ಟಿಟ್ಟಿದ್ದಾರೆ, ಲಕ್ಷ್ಮಪ್ಪನದೊಂದು, ಕರಿಯವ್ವನದೊಂದು. ಮೂರನೆಯ ಚೀಲ ಇಲ್ಲ. ಲಕ್ಷ್ಮಪ್ಪ ಬೆಳಿಗ್ಗೆ ಮಗಳ ರಸಾಯನ ಶಾಸ್ತ್ರದ ಪುಸ್ತಕ ತಿರುವಿ ನೋಡಿ, ತಲೆಕೆಳಗಾಗಿ ಹಿಡಿದಿದ್ದ, ಮೆಲ್ಲಗೆ ಇಟ್ಟ.

ಆದರೆ ನನ್ನ ಪಾಡು ಕೇಳುವವರು ಯಾರು? ಮರಿಯವ್ವನ ಕಡೆಯಿಂದ ಹಿಡಿದರೆ ಉಮಾಗೆ ನಾನು ಮಾವ. ಕರಿಯವ್ವನ ಕಡೆಯಿಂದ ಹಿಡಿದರೆ, ಚಿಗವ್ವನ ಅಜ್ಜ, ಅಂದರೆ ಮುತ್ತಜ್ಜ. ಬೆಳಿಗ್ಗೆ ಚಾ ಬೇಕಾದಾಗ ಮಾವಾರ ಎನ್ನುತ್ತಾಳೆ, ಸಂಜೆ ನನ್ನ ಮಾತು ಉದ್ದವಾದಾಗ ಮುತ್ತಜ್ಜಾ ಎನ್ನುತ್ತಾಳೆ. ಒಂದೇ ದಿನದಲ್ಲಿ ಇಷ್ಟು ಮುದಿಯಾಗುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ಒಮ್ಮೆ ನರಗುಂದದಲ್ಲಿ ಒಬ್ಬನನ್ನು ನೋಡಿದ್ದೆ, ಅವನು ಕ್ಷೌರಕ್ಕೆ ಕೂತಾಗ ಕರಿ ಕೂದಲು, ಎದ್ದಾಗ—

"ಮುತ್ತಜ್ಜಾ! ಎಷ್ಟ ಮಾತಾಡ್ತೀರಿ ಒಬ್ಬರ ಕುಂತು? ಉಣ್ಣಾಕ ಬರ್ರಿ, ರೊಟ್ಟಿ ಆರಾಕತ್ತಾವ!"

ಬಂದ್ನಿ ಯವ್ವಾ, ಬಂದ್ನಿ.